ದೊಣೆಗಿಳಿದ ಅಳಿಯ

ಈಜು ಬರುತ್ತದೆಂದು ನಾನು ಸುಳ್ಳು ಹೇಳಿದ್ದು ಹೋಳಿಗೆಯ ಮುಂದೆ ಕೂತು. ಮದುವೆಯಾದ ವರ್ಷದ ದೀಪಾವಳಿ. ಹೊಸ ಅಳಿಯನೆಂದು ಮಾವನ ಮನೆಯವರು ಕರೆಸಿಕೊಂಡಿದ್ದರು. ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಆಗ ನಮ್ಮ ಆದವಾನಿ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ನಾವು ಆದವಾನಿಯಲ್ಲಿ ಅರಳೆ ವ್ಯಾಪಾರ ಮಾಡುವ ಮನೆತನ. ಮಾವನವರದು ಮದ್ದಿಕೇರದ ಕಡೆಯ ಒಂದು ಹಳ್ಳಿಯಲ್ಲಿ ಹೊಲ, ಬಾವಿ, ನಾಲ್ಕು ಎತ್ತು ಇದ್ದ ಒಕ್ಕಲುತನದ ಮನೆ.

ಮೊದಲ ದೀಪಾವಳಿಯ ಅಳಿಯ ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನು ಉಣ್ಣದೆ ಮನೆಯ ಗಂಡಸರು ಎಲೆಯ ಮುಂದೆ ಕೂರುವುದಿಲ್ಲ. ಅವನು ನಕ್ಕರೆ ಎಲ್ಲರೂ ನಗಬೇಕು, ಕೆಮ್ಮಿದರೆ ಅತ್ತೆ ಶುಂಠಿ ಕಷಾಯ ತರಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಏನೆಂದರೆ ಅವನ ಮಾತಿಗೆ ಯಾರೂ ಇಲ್ಲ ಅನ್ನಬಾರದು. ಅವನು ನಡುಹಗಲಿನ ಸೂರ್ಯನನ್ನು ತೋರಿಸಿ ಚಂದ್ರ ಎಂದರೂ, ಹೌದ್ರಿ, ಹುಣ್ಣಿಮಿ ಹತ್ರ ಬಂತು ಎನ್ನಬೇಕು. ಇಪ್ಪತ್ತೆರಡು ವರ್ಷದ, ಮೀಸೆ ಆಗಷ್ಟೇ ದಪ್ಪಗಾಗುತ್ತಿದ್ದ ನನ್ನಂಥವನ ತಲೆ ತಿರುಗಲು ಇಷ್ಟು ಸಾಲದೇ?

ಊಟದ ನಡುವೆ ನನ್ನ ಹೆಂಡತಿಯ ದೊಡ್ಡಣ್ಣ ಕೇಳಿದ: "ಭಾವಾರ, ನಾಳೆ ಗುಡ್ಡದ ದೊಣಿಗೆ ಹೋಗೂನ್ರಿ. ನಿಮಗ ಈಸಾಕ ಬರತೈತಲ್ಲ?"

ಒಳಗೆ ಬಾಗಿಲ ಸಂದಿಯಲ್ಲಿ ಹಸಿರು ಬಳೆಯ ಸದ್ದಾಯಿತು. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾದ ಕೂಡಲೇ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. "ಬರತೈತೇನು ಅಂತ ಕೇಳ್ತೀರೇನು? ಆದವಾನಿ ಬಾವಿಗಳ ತಳದ ಮಣ್ಣು ತಂದು ತೋರಿಸಿದಾವ ನಾನು" ಎಂದುಬಿಟ್ಟೆ. ಬಾವಿಯಲ್ಲಿ ಮುಳುಗಿ ತಳದ ಮಣ್ಣನ್ನು ಮುಷ್ಟಿಯಲ್ಲಿ ತರುವುದೆಂದರೆ ನಮ್ಮ ಕಡೆ ಈಜಿನಲ್ಲಿ ಅದಕ್ಕಿಂತ ಮೇಲಿನದಿಲ್ಲ. ಮಾವನವರು ತಲೆದೂಗಿದರು. ಅತ್ತೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಬಿಟ್ಟರು.

ನಿಜ ಹೇಳುತ್ತೇನೆ. ನನಗೆ ಬರುತ್ತಿದ್ದದ್ದು ಬುರುಡೆಯ ಈಜು. ಒಣಗಿದ ಎರಡು ಸೋರೆ ಬುರುಡೆಗಳನ್ನು ಹಗ್ಗದಲ್ಲಿ ಬಿಗಿದು ಬೆನ್ನಿಗೆ ಕಟ್ಟಿದರೆ ಯಾರು ಬೇಕಾದರೂ ತೇಲುತ್ತಾರೆ, ನಾನೂ ತೇಲಿದ್ದೆ. ಉಳಿದ ಹುಡುಗರು ಒಂದು ಬೇಸಿಗೆ ಕಟ್ಟಿಕೊಂಡು ಮರುವರ್ಷ ಬಿಚ್ಚಿ ಎಸೆದರು. ನಾನು ಮೂರು ಬೇಸಿಗೆಯಾದರೂ ಬಿಚ್ಚಲಿಲ್ಲ. ಮೂರನೆಯ ಬೇಸಿಗೆಯಲ್ಲಿ ಒಂದು ಬುರುಡೆ ಬಾವಿಯ ಮೆಟ್ಟಿಲಿಗೆ ಬಡಿದು ಒಡೆಯಿತು. ನಮ್ಮ ಚಿಕ್ಕಪ್ಪ ಕೂದಲು ಹಿಡಿದು ಮೇಲೆಳೆದರು. ಅಲ್ಲಿಗೆ ನನಗೂ ನೀರಿಗೂ ಇದ್ದ ಸಂಬಂಧ ಬರೀ ಚೊಂಬಿನದಾಯಿತು.

ಮರುದಿನ ಹೊತ್ತು ಹುಟ್ಟುವ ಮುಂಚೆ ಅತ್ತೆ ಅಳಿಯನಿಗೆಂದು ಸೀಗೆಪುಡಿ, ಬಿಸಿನೀರು ಕೊಟ್ಟು ಸ್ನಾನ ಮಾಡಿಸಿದರು. ಲಿಂಗಪೂಜೆ ಮಾತ್ರ ದೊಣೆಯ ಹತ್ತಿರವೇ ಆಗಲಿ, ತಂಪು ಹೊತ್ತಿನಲ್ಲಿ ನಡೆದುಬಿಡೋಣ ಎಂದರು ಮಾವನವರು. ಮಂಡಕ್ಕಿಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ಎಲ್ಲರ ಬುತ್ತಿಗೆ ಸೇರಿತು. ಪೂಜೆಯಾಗದೆ ಬಾಯಿಗೆ ಏನೂ ಹಾಕುವುದಿಲ್ಲವಲ್ಲ, ಹೀಗಾಗಿ ಖಾಲಿ ಹೊಟ್ಟೆಯಲ್ಲೇ ಹೊರಟೆವು. ಗುಡ್ಡದ ಬುಡದವರೆಗೆ ಬಂಡಿ. ಅಲ್ಲಿ ಎತ್ತು ಬಿಚ್ಚಿ ಬೇವಿನ ಮರಕ್ಕೆ ಕಟ್ಟಿ, ಮುಂದೆ ಕಾಲುನಡಿಗೆ. ಒಟ್ಟು ಆರು ಜನ: ಮಾವ, ಅತ್ತೆ, ದೊಡ್ಡಣ್ಣ, ಚಿಕ್ಕಣ್ಣ, ನನ್ನ ಹೆಂಡತಿ ಮತ್ತು ನಾನು.

ಕಾಡು ಎಂದರೆ ಹುಲಿ ಕರಡಿಯ ಕಾಡಲ್ಲ. ನಮ್ಮ ಸೀಮೆಯ ಕಾಡಿಗೆ ಎದೆಯೆತ್ತರ ಸಾಕು. ಕಾರೆ, ಬಾರಿ, ತಂಗಡಿಯ ಪೊದೆಗಳು, ನಡುನಡುವೆ ಬಂಡೆಗಳು, ಆ ಬಂಡೆಗಳ ಸಂದಿಯಲ್ಲೆಲ್ಲ ಸೀತಾಫಲದ ಗಿಡ. ಹಿಂಗಾರು ಮಳೆ ಆಗಷ್ಟೇ ನಿಂತಿತ್ತು. ತಂಗಡಿ ಹಳದಿಯಾಗಿ ಅರಳಿತ್ತು, ಸೀತಾಫಲ ಕಣ್ಣು ಬಿಟ್ಟು ಒಡೆಯುವಂತಿದ್ದವು. ಕುರಿಗಳು ತುಳಿದೂ ತುಳಿದೂ ದಾರಿ ನುಣ್ಣಗಾಗಿತ್ತು, ಏರೂ ಅಂಥದ್ದಿಲ್ಲ. ಬುತ್ತಿಯ ಬುಟ್ಟಿ ತಲೆಯ ಮೇಲಿಟ್ಟುಕೊಂಡ ಅತ್ತೆಯವರೇ ಎಲ್ಲರಿಗಿಂತ ಮುಂದಿದ್ದರು. ಕೌಜುಗಗಳು ಪೊದೆಯಿಂದ ಪೊದೆಗೆ ಓಡುತ್ತಿದ್ದವು. ಅಂಥ ಚೆಂದದ ಬೆಳಗನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ, ಕಂಡ ಆ ದಿನವೂ ನೋಡಲಿಲ್ಲ. ನನ್ನ ಕಣ್ಣಿಗೆ ಎಲ್ಲೆಲ್ಲೂ ನೀರೇ ಕಾಣುತ್ತಿತ್ತು.

ಮಾವನವರು ನನ್ನ ಮನಸ್ಸು ರಂಜಿಸಲೆಂದು ನನ್ನ ಕಸುಬಿನ ಮಾತು ತೆಗೆದರು. ತೂಕ ಬರಲೆಂದು ಕೆಲವರು ಅರಳೆಗೆ ನೀರು ಚಿಮುಕಿಸಿ ತರುತ್ತಾರಲ್ಲ, ಅದನ್ನು ಹೇಗೆ ಹಿಡಿಯುತ್ತೀರಿ ಎಂದು ಕೇಳಿದರು. ನನಗೂ ಅಷ್ಟೇ ಬೇಕಾಗಿತ್ತು. ಕೈ ಬೇಡವೇ ಬೇಡ, ದೂರದಿಂದ ಕಣ್ಣಲ್ಲೇ ಹೇಳುತ್ತೇನೆ ಎಂದೆ. ಒಣಗಿದ ಅರಳೆಯ ಮುಖ ಬೇರೆ, ನೀರು ಕಂಡ ಅರಳೆಯ ಮುಖ ಬೇರೆ, ಒದ್ದೆಯನ್ನು ಒಣ ಎಂದು ಸಾಧಿಸಲು ಬಂದವನ ಮುಖವಂತೂ ಬೇರೆಯೇ ಇರುತ್ತದೆ ಎಂದು ಅರ್ಧ ಹರಿದಾರಿ ಉದ್ದಕ್ಕೂ ವಿವರಿಸಿದೆ. ಮಾವನವರು ನಡುನಡುವೆ "ಹಂಗ್ರಿ? ಭಾಳ ಸೂಕ್ಷ್ಮ ಐತಿ ನೋಡ್ರಿ" ಎನ್ನುತ್ತ ಕೋಲೂರಿ ನಡೆದರು.

ದೊಣೆ ಕಂಡಿತು. ಬಂಡೆಗಳ ನಡುವೆ ತಾನಾಗಿ ಆದ ಹೊಂಡಕ್ಕೆ ನಮ್ಮಲ್ಲಿ ದೊಣೆ ಎನ್ನುತ್ತಾರೆ. ಇದು ದೊಡ್ಡ ದೊಣೆ. ಎರಡು ಮನೆಯಷ್ಟು ಎತ್ತರದ ಬಂಡೆಗಳು ಎದುರುಬದುರು ನಿಂತು ನಡುವೆ ನೀರನ್ನು ಹಿಡಿದುಕೊಂಡಿದ್ದವು. ನಡುಮಧ್ಯೆ ಒಂದು ಗುಂಡು ಬಂಡೆ ಅಡ್ಡ ಬಿದ್ದು ದೊಣೆಯನ್ನು ಎರಡು ಮಾಡಿತ್ತು. ಈಚೆ ಅಗಲವಾದ, ಬಿಸಿಲು ಬೀಳುವ ನೀರು. ಗುಂಡಿನ ಆಚೆ ಚಿಕ್ಕದಾದ, ಕಪ್ಪಗಿನ, ಎರಡಾಳು ಆಳದ ನೀರು. ಅತ್ತೆ ಈಚೆಯ ಆಲದ ಮರದ ಕೆಳಗೆ ಬುಟ್ಟಿ ಇಳಿಸಿದರು. ಅಣ್ಣಂದಿರು ಅಂಗಿ ಕಳಚಿ, ಕೊರಳಿನ ಲಿಂಗವನ್ನು ವಸ್ತ್ರದಲ್ಲಿ ಬಿಗಿದು ಕಟ್ಟಿಕೊಂಡು, ಬಂಡೆಯ ಮೇಲಿಂದ ಧುಮುಕಿಯೇಬಿಟ್ಟರು. ನೀರಿನಿಂದ ತಲೆ ಎತ್ತಿ ನನ್ನನ್ನು ಕರೆದರು.

ದಾರಿಯುದ್ದಕ್ಕೂ ನಾನು ಹೂಡಿಕೊಂಡು ಬಂದಿದ್ದ ಉಪಾಯವನ್ನು ಆಗ ಹೊರತೆಗೆದೆ. ಪೂಜೆಯಾಗದೆ ಹೊಸ ನೀರಿಗೆ ಇಳಿಯಬಾರದೆಂದು ನಮ್ಮ ಅಜ್ಜನ ಕಟ್ಟಪ್ಪಣೆ ಇದೆ, ಮೊದಲು ಪೂಜೆ ಮುಗಿಸುತ್ತೇನೆ ಎಂದೆ. ನಮ್ಮ ಅಜ್ಜ ಹಾಗೆ ಎಂದೂ ಹೇಳಿದವರಲ್ಲ. ಪಾಪ, ಲಿಂಗೈಕ್ಯರಾಗಿ ಐದು ವರ್ಷವಾಗಿತ್ತು, ಬಂದು ಅಲ್ಲಗಳೆಯುವ ಹಾಗಿರಲಿಲ್ಲ. ನೀರಿಗಿಳಿಯುವುದಿಲ್ಲ ಎಂದು ನಾನೇನೂ ಹೇಳಲಿಲ್ಲ ನೋಡಿ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಪೂಜೆಯನ್ನು ಊಟದ ಹೊತ್ತಿನವರೆಗೆ ಎಳೆದರೆ ಸಾಕು, ಹೋಳಿಗೆ ತುಂಬಿದ ಹೊಟ್ಟೆಯಲ್ಲಿ ಈಜು ಎಂದು ಯಾರೂ ಕರೆಯಲಾರರು. ಏಕಾಂತ ಬೇಕೆಂದು ಹೇಳಿ ಗುಂಡಿನ ಆಚೆಗೆ ಹೋದೆ.

ಅಲ್ಲಿ ನೀರಿನ ಮಗ್ಗುಲಲ್ಲೇ ಮಣೆಯಷ್ಟು ಅಗಲದ ಕಲ್ಲಿತ್ತು. ಕೂತು, ಹಣೆಗೆ ಮೂರು ಬೆರಳ ವಿಭೂತಿ ಎಳೆದೆ. ಮದುವೆಯಲ್ಲಿ ಮಾಡಿಸಿದ್ದ ಬೆಳ್ಳಿಯ ಕರಡಿಗೆ ತೆರೆದು ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡೆ. ದಿನಾ ಮನೆಯಲ್ಲಿ ನನ್ನ ಪೂಜೆ ಎಂದರೆ ಅವ್ವ ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕುವಷ್ಟು ಹೊತ್ತು. ಆ ದಿನ ಮಠದ ಅಯ್ಯನವರೂ ನಾಚುವಂತೆ ಮಾಡಿದೆ. ನೀರೆರೆದೆ, ವಿಭೂತಿ ಹಚ್ಚಿದೆ, ಮತ್ತೆ ನೀರೆರೆದೆ, ಮತ್ತೆ ಹಚ್ಚಿದೆ. ಹೆಂಡತಿ ಒಂದು ಸಲ ಬಿಲ್ವಪತ್ರೆ ತಂದಿಟ್ಟು ಹೋದಳು. ಎರಡನೆಯ ಸಲ ಕುಡಿಯುವ ನೀರಿಗೆಂದು ಕೊಡ ಹಿಡಿದು ಬಂದಳು. ಆಲದ ಮರದ ಕಡೆಯ ನೀರು ಅಣ್ಣಂದಿರ ಕುಣಿತಕ್ಕೆ ಕದಡಿತ್ತು. ನಾನು ಕಣ್ಣು ಮುಚ್ಚಿ ಇನ್ನೊಂದು ಚೊಂಬು ಎರೆದೆ.

ಆಗಲೇ ಗುಂಡಿನ ಆಚೆಯಿಂದ ದೊಡ್ಡಣ್ಣನ ದನಿ ಬಂತು, ಪೂಜಿ ಮುಗೀತೇನ್ರಿ ಭಾವಾರ ಎಂದು. ಬೆಚ್ಚಿದೆ. ಅಷ್ಟು ನೀರು, ಅಷ್ಟು ವಿಭೂತಿ ಸೇರಿ ಅಂಗೈ ಬೆಣ್ಣೆಯ ಹಾಗೆ ಜಾರುತ್ತಿತ್ತು. ಲಿಂಗ ಜಾರಿತು. ಕಲ್ಲಿನ ಅಂಚಿಗೆ ಟಕ್ಕೆಂದು ಒಮ್ಮೆ ತಾಗಿ ಗುಳುಂ ಎಂದು ನೀರಿಗೆ ಬಿತ್ತು. ಕಪ್ಪು ಲಿಂಗ, ಕಪ್ಪು ನೀರು; ಒಂದು ಕ್ಷಣದಲ್ಲಿ ಏನೂ ಕಾಣಲಿಲ್ಲ.

ನಮ್ಮವರಲ್ಲಿ ತೊಟ್ಟಿಲಿನಿಂದ ಸಮಾಧಿಯವರೆಗೆ ಲಿಂಗ ಮೈಬಿಟ್ಟು ಅಗಲಬಾರದು. ಕಳೆದುಕೊಂಡವನು ಅದು ಸಿಗುವ ತನಕ ಅನ್ನ ಮುಟ್ಟುವುದಿಲ್ಲ, ನೀರೂ ಮುಟ್ಟುವುದಿಲ್ಲ. ಹಿಂದೆ ಹಾಗೆ ಕಳೆದುಕೊಂಡು ಪ್ರಾಣವನ್ನೇ ಬಿಟ್ಟವರ ಕತೆ ನಮ್ಮ ಅಜ್ಜಿ ಹೇಳುತ್ತಿದ್ದಳು. ನನ್ನ ಪ್ರಾಣದ ಜೊತೆಗೆ ಇನ್ನೂ ಒಂದು ಮಾತಿತ್ತು: ಅಳಿಯ ಉಣ್ಣದೆ ಯಾರೂ ಉಣ್ಣುವ ಹಾಗಿಲ್ಲ. ಉಳಿದ ಐದು ಜನರ ಹಸಿವು ನನ್ನ ಒಂದು ಅಂಗೈಯಿಂದ ಜಾರಿ ನೀರಿಗೆ ಬಿದ್ದಿತ್ತು.

ಹೆಂಡತಿ ಕೊಡವನ್ನು ಕಲ್ಲಿನ ಮೇಲಿಟ್ಟಳು. ಅವಳು ಎಲ್ಲವನ್ನೂ ನೋಡಿದ್ದಳು. ಮೆಲ್ಲಗೆ, ಜಿಗೀರಿ, ಅಲ್ಲೇ ನೆಟ್ಟಗ ಕೆಳಗ ಐತಿ ಎಂದಳು. ಬಾವಿಯ ತಳದ ಮಣ್ಣು ತರುವ ಗಂಡನಿಗೆ ಇದೇನು ಮಹಾ ಎಂಬ ನಂಬಿಕೆ ಆ ದನಿಯಲ್ಲಿತ್ತು. ನಾವಿಬ್ಬರೂ ಹಗಲು ಹೊತ್ತು ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದೇ ಕಡಿಮೆ. ಅಂಥದರಲ್ಲಿ ಆಡಬೇಕಾಗಿ ಬಂದ ಮಾತು ನೋಡಿ.

"ನನಗ ಈಸಾಕ ಬರಂಗಿಲ್ಲ" ಎಂದೆ.

ಅವಳು ನಗಲಿಲ್ಲ. ಅಣ್ಣಂದಿರನ್ನು ಕರೆಯಲೇ ಎಂದು ಕಣ್ಣಿನಲ್ಲೇ ಕೇಳಿದಳು. ಬೇಡವೆಂದು ಕೈಮುಗಿದೆ, ಹೊಸ ಹೆಂಡತಿಗೆ ಕೈಮುಗಿದ ಗಂಡ ನಮ್ಮ ವಂಶದಲ್ಲಿ ನಾನೇ ಮೊದಲಿಗನಿರಬೇಕು. ಅವಳು ಯಾರಾದರೂ ಬಂದರೆ ಕೆಮ್ಮಿರಿ ಎಂದಷ್ಟೇ ಹೇಳಿ, ಸೀರೆಯನ್ನು ಗಂಡುಗಚ್ಚೆ ಹಾಕಿ ಬಿಗಿದಳು. ತನ್ನ ಕೊರಳಿನ ಲಿಂಗವಸ್ತ್ರವನ್ನು ಎರಡು ಸುತ್ತು ತಿರುವಿ ಗಂಟು ಹಾಕಿದಳು. ಸದ್ದಿಲ್ಲದೆ ನೀರಿಗೆ ಇಳಿದಳು. ನೀರು ಅವಳ ಗುರುತು ಇದ್ದ ಹಾಗೆ ದಾರಿ ಬಿಟ್ಟಿತು.

ಮೊದಲ ಮುಳುಗಿಗೆ ಮುಷ್ಟಿಯಲ್ಲಿ ಬಂದದ್ದು ಕರಿಯ ನುಣ್ಣನೆಯ ಹರಳುಕಲ್ಲು. ಅದನ್ನು ನೋಡಿ ನಾನು ಆನಂದದಿಂದ ಕೈಚಾಚಿದೆ, ಅವಳು ತಲೆಯಾಡಿಸಿ ಅದನ್ನು ಎಸೆದಳು. ಎರಡನೆಯ ಸಲ ಬರೀ ಕೆಸರು. ಮೂರನೆಯ ಸಲ ಮುಳುಗಿದವಳು ಮೇಲೆ ಬರಲಿಲ್ಲ. ಗುಳ್ಳೆಗಳು ಬಂದವು, ನಿಂತವು. ನಾನು ಕಲ್ಲಿನ ಮೇಲೆ ಅಡ್ಡಬಿದ್ದು ನೀರಿಗೆ ಕೈ ಹಾಕಿ ತಡಕಾಡಿದೆ. ಲಿಂಗ, ಮಾನ, ಹೋಳಿಗೆ ಎಲ್ಲ ಮರೆತುಹೋಯಿತು. ಈ ಹುಡುಗಿ ಒಂದು ಸಲ ತಲೆ ಎತ್ತಿದರೆ ಸಾಕು, ಇಡೀ ಊರಿನ ಮುಂದೆ ನಿಂತು ನನಗೆ ಈಜು ಬಾರದೆಂದು ಕೂಗಿ ಹೇಳುತ್ತೇನೆ ಎಂದು ಶಿವನಿಗೆ ಹರಕೆ ಹೊತ್ತೆ. ಮದುವೆಯಾಗಿ ಆರು ತಿಂಗಳಾಗಿತ್ತು. ಅವಳು ನನಗೆ ಏನು ಎಂದು ಗೊತ್ತಾದದ್ದು ಆ ಗಳಿಗೆಯಲ್ಲಿ.

ಅವಳು ಎದ್ದಳು. ಕೂದಲು ಮುಖಕ್ಕೆ ಅಂಟಿತ್ತು, ಮುಷ್ಟಿ ಮೇಲಿತ್ತು. ಬಂಡೆಯ ಬುಡದ ಸಂದಿಯಲ್ಲಿ ಸಿಕ್ಕಿಕೊಂಡಿತ್ತು ಎಂದು ಏದುಸಿರು ಬಿಡುತ್ತ ಹೇಳಿ ಲಿಂಗವನ್ನು ನನ್ನ ಅಂಗೈಯಲ್ಲಿಟ್ಟಳು. ನಾನು ಅದನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿ ಭದ್ರ ಮಾಡಿದೆ. ಕೂಗಿ ಹೇಳುತ್ತೇನೆಂಬ ಹರಕೆ ಎಲ್ಲಿ ಹೋಯಿತೋ ಶಿವನೇ ಬಲ್ಲ.

ಅಷ್ಟರಲ್ಲಿ ಪೂಜೆ ಇಷ್ಟು ತಡವಾಯಿತಲ್ಲ ಎಂದು ಎಲ್ಲರೂ ಗುಂಡು ಸುತ್ತಿ ಬರುವ ಸದ್ದು ಕೇಳಿತು. ಅವಳ ಸೀರೆಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. "ನೀವೂ ಒದ್ದಿ ಆಗ್ರಿ, ಜಲ್ದಿ" ಎಂದಳು. ಯಾಕೆ ಎಂದು ಕೇಳುವಷ್ಟು ಹೊತ್ತಿರಲಿಲ್ಲ. ಎರಡೂ ಕೈಯಲ್ಲಿ ಕಲ್ಲಿನ ಅಂಚನ್ನು ಹಿಡಿದುಕೊಂಡು ಎದೆಯವರೆಗೆ ನೀರಿಗಿಳಿದು, ಚಳಿಗೆ ಹಲ್ಲು ಕಟಕಟಿಸುತ್ತ ಮೇಲೆ ಹತ್ತಿದೆ. ಮೊದಲು ಬಂದವರು ಮಾವನವರು. ಅವರ ಹಿಂದೆ ಅತ್ತೆ, ಅಣ್ಣಂದಿರು.

ನನ್ನ ಹೆಂಡತಿ ತಲೆ ತಗ್ಗಿಸಿ ಹೇಳಿದಳು: "ನೀರು ತುಂಬಾಕ ಹೋಗಿ ಕಾಲು ಜಾರಿ ಬಿದ್ದೆ. ಇವರು ಜಿಗಿದು ಎತ್ತಿದ್ರು."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ನಾನು ಕೂಡಲೇ ಎದೆಯನ್ನು ಒಂದಿಷ್ಟು ಮುಂದೆ ತಂದೆ. ಮಾವನವರು ಮಗಳನ್ನು ನೋಡಿದರು, ನನ್ನ ಮುಖವನ್ನು ನೋಡಿದರು, ನೋಡುತ್ತಲೇ ಇದ್ದರು. ಅವರ ಬಿಳಿ ಮೀಸೆ ಅಲುಗಾಡಿತು. ಕೃತಜ್ಞತೆಗೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ. ದೊಡ್ಡಣ್ಣ ಬಂಡೆಯ ಕಡೆ ತಿರುಗಿ ಜೋರಾಗಿ ಕೆಮ್ಮಿದ. ಮೂಗಿಗೆ ನೀರು ಹೋಗಿರಬೇಕು ಎಂದುಕೊಂಡೆ. ಚಿಕ್ಕಣ್ಣ ಕೊಡ ಎತ್ತಿಕೊಂಡು ಓಡಿದ. ಕೊನೆಗೆ ಮಾವನವರು, ನಮ್ಮ ಹುಡುಗಿ ಪುಣ್ಯವಂತಿ, ಇಂಥಾ ಗಂಡ ಸಿಕ್ಕಾರ ಎಂದರು.

ಮತ್ತೊಮ್ಮೆ ಪೂಜೆಗೆ ಕೂತೆ. ಈ ಸಲ ನೀರಿನಿಂದ ಹತ್ತು ಮಾರು ದೂರ, ಎರಡೇ ನಿಮಿಷ, ಆದರೆ ಅಷ್ಟು ಮನಸ್ಸಿಟ್ಟು ಮಾಡಿದ ಪೂಜೆ ನನ್ನ ಜನ್ಮದಲ್ಲಿ ಇನ್ನೊಂದಿಲ್ಲ. ಆಮೇಲೆ ಆಲದ ಎಲೆಯ ಮೇಲೆ ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಆರಿದ ಉಗ್ಗಾಣಿ, ಹೋಳಿಗೆ. ಮಗಳನ್ನು ಉಳಿಸಿದ ಅಳಿಯನಿಗೆ ಅತ್ತೆ ಐದು ಸಲ ತುಪ್ಪ ಬಿಟ್ಟರು. ಐದು ಸಲವೂ ನಾನು ಸಾಕು ಎನ್ನಲಿಲ್ಲ. ಹೊಟ್ಟೆ ಭಾರವಾದ ಮೇಲೆ ಈಜಿನ ಮಾತನ್ನು ಯಾರೂ ಎತ್ತಲಿಲ್ಲ. ಬರುವಾಗ ದಾರಿಯ ಸೀತಾಫಲ, ಕೌಜುಗ, ಹಳದಿ ತಂಗಡಿ ಎಲ್ಲವೂ ನನ್ನ ಕಣ್ಣಿಗೆ ಬಿದ್ದವು.

ಆ ಕತೆಯನ್ನು ಆದವಾನಿಗೆ ಹೊತ್ತುಕೊಂಡು ಬಂದೆ. ಮೊದಲ ಸಲ ಹೇಳುವಾಗ ಎರಡಾಳು ಆಳವಿದ್ದ ದೊಣೆ ವರ್ಷದೊಳಗೆ ನಾಲ್ಕಾಳಾಯಿತು. ಅರಳೆಯ ಅಂಗಡಿಯಲ್ಲಿ ಕೂತು ನಾನು ಅದನ್ನು ಬಣ್ಣಿಸುವಾಗ ಹೆಂಡತಿ ಒಳಗಿನಿಂದ ಕೇಳಿಸಿಕೊಂಡರೂ ಒಂದು ಮಾತು ಆಡಲಿಲ್ಲ. ಅವಳು ಹಾಕಿದ್ದು ಒಂದೇ ಷರತ್ತು, ಅದೂ ದೊಣೆಯಿಂದ ಬಂದ ಮರುದಿನವೇ, ನನ್ನ ಬುರುಡೆಯ ಕತೆಯನ್ನೆಲ್ಲ ಕೇಳಿಯಾದ ಮೇಲೆ: "ಬುರುಡಿ ಇಲ್ದಂಗ ಈಸೋದು ಕಲೀರಿ. ಇನ್ನೊಮ್ಮಿ ನಾ ಜಾರಿ ಬೀಳಂಗಿಲ್ಲ."

ಕಲಿತೆ. ಪ್ರತಿ ಬೇಸಿಗೆ ಮಾವನ ಮನೆಗೆ ಹೋದಾಗ ಬೆಳಕು ಹರಿಯುತ್ತಲೇ ತೋಟದ ಬಾವಿ. ಅವಳು ನೀರಿಗೆ ಬಂದವಳ ಹಾಗೆ ಕೊಡ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕೈ ಹಿಂಗ, ಕಾಲು ಹಂಗ ಎಂದು ಮೇಷ್ಟ್ರಿಗಿಂತ ಕಟ್ಟುನಿಟ್ಟಾಗಿ ಹೇಳುತ್ತಿದ್ದಳು. ಮೂರನೆಯ ಬೇಸಿಗೆಯಲ್ಲಿ ನಾನು ಬಾವಿಯ ತಳ ಮುಟ್ಟಿ ಮುಷ್ಟಿ ಮಣ್ಣು ತಂದು ಅವಳ ಕಾಲ ಬಳಿ ಮೆಟ್ಟಿಲ ಮೇಲಿಟ್ಟೆ. ಅವಳು ಅದನ್ನು ಸೆರಗಿನ ಅಂಚಿಗೆ ಮುಟ್ಟಿಸಿಕೊಳ್ಳದೆ ಕಾಲಲ್ಲಿ ತಳ್ಳಿದಳು, ಆದರೆ ಮುಖ ಅರಳಿತ್ತು.

ಯುದ್ಧ ಮುಗಿದ ವರ್ಷ, ನನ್ನ ಮೊದಲ ದೀಪಾವಳಿಯಲ್ಲಿ ಇನ್ನೂ ಚಿಕ್ಕ ಹುಡುಗಿಯಾಗಿದ್ದ ನನ್ನ ಹೆಂಡತಿಯ ತಂಗಿಗೆ ಮದುವೆಯಾಯಿತು. ಹುಡುಗ ಬಳ್ಳಾರಿಯ ಕಡೆ ಮೇಷ್ಟ್ರು, ಕನ್ನಡಕ ಹಾಕಿದ ಸಣಕಲು ಮನುಷ್ಯ. ಮೊದಲ ದೀಪಾವಳಿ. ಹೋಳಿಗೆಯ ಎದುರು ದೊಡ್ಡಣ್ಣ ಅದೇ ಮಾತು ಕೇಳಿದ. ಪ್ರಶ್ನೆ ಮುಗಿಯುವ ಮುಂಚೆಯೇ ಹುಡುಗ ಬರತೈತ್ರಿ ಎಂದ. ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಅವನಿಗೂ ಈಜು ಬಾರದೆಂದು ನನಗೆ ಆಗಲೇ ತಿಳಿಯಿತು. ಅವನ ಮೇಲೆ ನನಗೆ ಕನಿಕರ ಬರಬೇಕಿತ್ತು ಅಲ್ಲವೇ? ಬರಲಿಲ್ಲ. ಎಲ್ಲರ ಮುಂದೆ ಅವನಿಗೆ ತಳದ ಮಣ್ಣು ತರಲು ಹೇಳಿ, ಅವನು ತಡವರಿಸುವಾಗ ನಾನೇ ಧುಮುಕಿ ತಂದು ತೋರಿಸಬೇಕೆಂಬ ಚಪಲ ಹುಟ್ಟಿತು. ನಿಜವಾದ ಈಜು ಕಲಿತು ಯಾರಿಗೂ ತೋರಿಸದೆ ಇಟ್ಟುಕೊಂಡವನ ಸಂಕಟ ನಿಮಗೆ ಗೊತ್ತಿಲ್ಲ.

ದೊಣೆಯ ಹತ್ತಿರ ಹುಡುಗ ನೀರು ನೋಡುತ್ತ ಕನ್ನಡಕ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ. ನಾನು ಮೀಸೆಯ ಮೇಲೆ ಕೈಯಾಡಿಸಿ, ಏನ್ರಿ ಮೇಷ್ಟ್ರ ಎಂದು ಬಾಯಿ ತೆರೆದೆ. ಆಲದ ಮರದ ಕೆಳಗಿನಿಂದ ಅತ್ತೆ ಕರೆದರು. ತೆಂಗಿನಕಾಯಿ ಒಡೆಯಬೇಕೆಂದರು. ಹೋದೆ. ಅವರು ಕಾಯಿ ಕೊಡಲಿಲ್ಲ.

"ಅಳಿಯರ" ಎಂದರು ದನಿ ತಗ್ಗಿಸಿ, "ಆಕಿ ಆರು ವರ್ಷದಾಕಿ ಇದ್ದಾಗಿಂದ ಈ ದೊಣಿಯಾಗ ಮೀನಿನಂಗ ಈಸ್ಯಾಳ. ಆಕಿ ಅವತ್ತ ಮುಳುಗ್ತಿದ್ಲೇನ್ರಿ? ನೀವು ಜಿಗಿದು ಎತ್ತಿದ್ರಿ ಅಂದಾಗ ನಿಮ್ಮ ಹಣಿಮ್ಯಾಲಿನ ವಿಭೂತಿ ಒಂದು ಗೆರಿ ಸೈತ ಅಳಿಸಿರಲಿಲ್ಲ. ನಾವು ಯಾರರ ಏನರ ಅಂದ್ವೇನ್ರಿ?"

ಅತ್ತೆ ರೊಟ್ಟಿಯ ಗಂಟು ಬಿಚ್ಚತೊಡಗಿದರು. ನನ್ನ ಕಿವಿ ಕಾದ ಹೆಂಚಾಯಿತು. ಮಾವನವರ ಮೀಸೆ ಯಾಕೆ ಅಲುಗಾಡಿತು, ದೊಡ್ಡಣ್ಣ ಯಾಕೆ ಕೆಮ್ಮಿದ, ಚಿಕ್ಕಣ್ಣ ಯಾಕೆ ಓಡಿದ, ಎಲ್ಲ ಒಟ್ಟಿಗೆ ಬಂದು ನಿಂತವು. ಒದ್ದೆ ಅರಳೆಯನ್ನು ದೂರದಿಂದಲೇ ಹಿಡಿಯುತ್ತೇನೆ ಎಂದು ಅರ್ಧ ಹರಿದಾರಿ ಕೊಚ್ಚಿಕೊಂಡವನು ಒಣ ಹಣೆ ಹೊತ್ತುಕೊಂಡು ಅವರ ಮುಂದೆ ಎದೆ ಉಬ್ಬಿಸಿ ನಿಂತಿದ್ದೆ. ಎಂಟು ವರ್ಷ ಆ ಮನೆಯ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ನಾನು ಆ ಕತೆ ಹೇಳಿದಾಗಲೆಲ್ಲ ಹೌದ್ರಿ ಹೌದ್ರಿ ಎಂದು ತಲೆದೂಗಿದ್ದರು. ನಾಚಿಕೆಯಾಯಿತು. ಆದರೆ ಅದಕ್ಕಿಂತ ಹೆಚ್ಚಾಗಿ, ಇಂಥ ಮನೆಗೆ ಅಳಿಯನಾದೆನಲ್ಲ ಎಂದು ಹೆಮ್ಮೆಯಾಯಿತು.

ಹೆಂಡತಿ ಮಗ್ಗುಲಲ್ಲಿ ಎಲೆ ಹಾಸುತ್ತಿದ್ದಳು. ನಿನಗೂ ಗೊತ್ತಿತ್ತೇನು ಎಂದು ಕೇಳಿದೆ.

"ಎರಡನೇ ಸಲ ಪೂಜಿಗೆ ಕುಂತಾಗ ನಿಮ್ಮ ಹಣಿ ನೋಡಿದೆ" ಎಂದಳು. "ಹೇಳಿದ್ರ ನೀವು ಹೋಳಿಗಿ ಬಿಡ್ತಿದ್ರಿ."

ನಮ್ಮ ಮಗನಿಗೆ ಆಗ ಆರು ವರ್ಷ. ಅವನಿಗೆ ಈಜು ಕಲಿಸಲೆಂದು, ಒಂದು ಒಡೆದರೂ ಇರಲಿ ಎಂದು ಎರಡು ಜೊತೆ ಬುರುಡೆ ತಂದಿದ್ದೆವು. ನಾನು ಒಂದು ಜೊತೆಯನ್ನು ಎತ್ತಿಕೊಂಡು ಎಲ್ಲರಿಗೂ ಕಾಣುವಂತೆ ನನ್ನ ಬೆನ್ನಿಗೆ ಕಟ್ಟಿಕೊಂಡೆ. ಈ ದೊಣೆಯ ನೀರು ಮಹಾ ಕಳ್ಳ, ಎಂಥಾ ಈಜುಗಾರನಿಗೂ ಬುರುಡೆ ಇಲ್ಲದೆ ಆಗದು, ನಾನಂತೂ ಕಟ್ಟಿಕೊಳ್ಳದೆ ಎಂದೂ ಇಳಿದವನಲ್ಲ ಎಂದು ಮೇಷ್ಟ್ರಿಗೆ ಹೇಳಿದೆ. ದೊಡ್ಡಣ್ಣ ಎಲ್ಲರಿಗಿಂತ ಮೊದಲು ಹೌದ್ರಿ ಎಂದ. ಹುಡುಗನ ಮುಖಕ್ಕೆ ಜೀವ ಬಂತು. ಇನ್ನೊಂದು ಜೊತೆಯನ್ನು ಅವನ ಬೆನ್ನಿಗೆ ನಾನೇ ಬಿಗಿದು ಕಟ್ಟಿದೆ. ಮಗ ತನ್ನ ಬುರುಡೆ ಹೋಯಿತೆಂದು ರಂಪ ಮಾಡಿದ. ಅವನವ್ವ ಸೀತಾಫಲ ಕೊಟ್ಟು ಸುಮ್ಮನಿರಿಸಿದಳು.

ಇಬ್ಬರು ಅಳಿಯಂದಿರೂ ಬುರುಡೆ ಕಟ್ಟಿಕೊಂಡು ದೊಣೆಗಿಳಿದೆವು. ಮೇಷ್ಟ್ರು ತೇಲಿದ, ತೇಲಿದ ಖುಷಿಗೆ ನಕ್ಕ. ಅತ್ತೆ ಮರದ ಕೆಳಗಿನಿಂದ ನೋಡುತ್ತಿದ್ದರು. ನಾನು ಉಸಿರು ಬಿಗಿಹಿಡಿದು ತಲೆಯನ್ನು ಪೂರಾ ನೀರಿನೊಳಗೆ ಅದ್ದಿದೆ. ಮೇಲೆದ್ದು ಹಣೆ ಮುಟ್ಟಿ ನೋಡಿಕೊಂಡೆ, ವಿಭೂತಿ ತೊಳೆದುಹೋಗಿತ್ತು.